ಮೇಲ್ ಸರ್ವರ್ ಕೆಟ್ಟು ನಿಂತಾಗ ನಮಗೆ ಬರಬೇಕಾದ ಇಮೇಲ್‌ಗಳು ಏನಾಗುತ್ತವೆ?

ಸಾಮಾನ್ಯವಾಗಿ ಕಳೆದುಹೋಗುವುದಿಲ್ಲ, ತಡವಾಗಿ ಬರುತ್ತವೆ. ಕಳಿಸುವ ಸರ್ವರ್ ಅವನ್ನು ತನ್ನ ಬಳಿಯೇ ಇಟ್ಟುಕೊಂಡು ಮತ್ತೆ ಮತ್ತೆ ಪ್ರಯತ್ನಿಸುತ್ತದೆ.

ಮೇಲ್ ಪೂರ್ತಿ ತಲುಪಿದ ಮೇಲೆ ಎದುರಿನ ಸರ್ವರ್ '250' ಎಂದು, ಅಂದರೆ 'ಸರಿ, ಸ್ವೀಕರಿಸಿದೆ' ಎಂಬ ಸಂಕೇತ ಸಂಖ್ಯೆಯಿಂದ, ಉತ್ತರಿಸಬೇಕು. ಜವಾಬ್ದಾರಿ ಕೈಬದಲಾಗುವುದು ಆ ಗಳಿಗೆಯಲ್ಲೇ. ಅಲ್ಲಿಯವರೆಗೂ ಕಳಿಸುವವರು ತಮ್ಮ ಪ್ರತಿ ಅಳಿಸುವಂತಿಲ್ಲ. ಹಾಗಾಗಿ ಒಳ್ಳೆಯ ಸರ್ವರ್ ಮೊದಲು ಡಿಸ್ಕ್‌ಗೆ ಬರೆದು, ಆಮೇಲಷ್ಟೇ 250 ಹೇಳುತ್ತದೆ. ಸುಮ್ನೆ ಮೆಮೊರಿಯಲ್ಲಿ ಇಟ್ಟುಕೊಂಡು ಹೇಳಿಬಿಟ್ಟರೆ, ಕರೆಂಟ್ ಹೋದಾಗ ಮೇಲ್ ನಿಜಕ್ಕೂ ಮಾಯ! ಇದರಲ್ಲಿ ರಾಜಿ ಮಾಡಿಕೊಳ್ಳಲೇಬಾರದು.

ಉತ್ತರವೇ ಬರದಿದ್ದರೆ, ಅಥವಾ 4ರಿಂದ ಶುರುವಾಗುವ ಸಂಖ್ಯೆ ಬಂದರೆ, ತೊಂದರೆ ತಾತ್ಕಾಲಿಕ ಎಂದರ್ಥ. ಮೇಲ್ ಸರದಿಯಲ್ಲಿ ಕಾಯುತ್ತದೆ. ಪೋಸ್ಟ್‌ಫಿಕ್ಸ್ ಎಂಬ ಮೇಲ್ ತಂತ್ರಾಂಶ, ನಾವು ಬದಲಿಸದಿದ್ದರೆ, 5 ದಿನ ಪ್ರಯತ್ನಿಸುತ್ತದೆ. ಆಮೇಲೆ ತಲುಪಲಿಲ್ಲವೆಂದು ಕಳಿಸಿದವರಿಗೆ ತಿಳಿಸುತ್ತದೆ. 5ರಿಂದ ಶುರುವಾಗುವ ಸಂಖ್ಯೆ ಬಂದರೆ ಮಾತ್ರ ಕಾಯುವುದಿಲ್ಲ, ಕೂಡಲೇ ವಾಪಸ್.