ಮೇಲಿನ ನಟ್ ಈಗಲೇ ಮುಟ್ಟಬೇಡಿ

ಸ್ಟ್ರಟ್ (ಸುತ್ತ ಸ್ಪ್ರಿಂಗ್ ಇರುವ, ಚಕ್ರದ ಶಾಕ್ ಅಬ್ಸಾರ್ಬರ್) ಹೇಗೂ ಹೊರಗೆ ಬಂದಿದೆ, ಸ್ಪ್ರಿಂಗ್ ಕಂಪ್ರೆಸರ್ (ಸ್ಪ್ರಿಂಗ್ ಒತ್ತಿ ಹಿಡಿಯುವ ಸಾಧನ) ಇಲ್ಲದೆ ಮೇಲಿನ ನಟ್ ಬಿಚ್ಚಬಹುದಾ ಅಂತ ಕೇಳಿದ್ದೀರಿ. ಖಂಡಿತ ಬೇಡ. ಗಾಡಿಯಿಂದ ಹೊರಬಂದರೂ ಸ್ಪ್ರಿಂಗ್ ಒತ್ತಡದಲ್ಲೇ ಇರುತ್ತದೆ. ಅದನ್ನು ಹಿಡಿದಿರುವುದು ಆ ಒಂದು ನಟ್ಟೇ. ಬಿಚ್ಚಿದರೆ ಮೌಂಟ್ (ಸ್ಟ್ರಟ್‌ನ ಮೇಲ್ತುದಿಯನ್ನು ಗಾಡಿಗೆ ಸೇರಿಸುವ ಭಾಗ) ಗುಂಡಿನ ಹಾಗೆ ಹಾರುತ್ತದೆ.

ಕಂಪ್ರೆಸರ್‌ನ ಎರಡು ರಾಡ್‌ಗಳನ್ನು ಎದುರುಬದುರಾಗಿ ಹಾಕಿ, ಕೊಕ್ಕೆಗಳ ನಡುವೆ ಆದಷ್ಟು ಜಾಸ್ತಿ ಸುರುಳಿ ಬರಲಿ. ಈ ಕಡೆ ಸ್ವಲ್ಪ, ಆ ಕಡೆ ಸ್ವಲ್ಪ ಅಂತ ಕೈ ಸ್ಪ್ಯಾನರ್‌ನಲ್ಲೇ ಬಿಗಿ ಮಾಡಿ. ಇಂಪ್ಯಾಕ್ಟ್ ಗನ್ ಬೇಡ, ಥ್ರೆಡ್ ಹಾಳಾಗುತ್ತದೆ. ಸ್ಪ್ರಿಂಗ್ ಬಾಳೆಹಣ್ಣಿನಂತೆ ಬಾಗಿದರೆ ಸಡಿಲಿಸಿ ಮತ್ತೆ ಶುರು ಮಾಡಿ. ಸ್ಪ್ರಿಂಗ್ ತುದಿ ತಾನು ಕೂರುವ ಸೀಟ್ ಬಿಟ್ಟು, ಅಲ್ಲಾಡಿಸಿದರೆ ಲಟಲಟ ಅನ್ನಬೇಕು. ಆಮೇಲಷ್ಟೇ ನಟ್ ಬಿಚ್ಚಿ. ಮುಖ ಅದರ ನೇರಕ್ಕೆ ಬೇಡ.

ಸುಮ್ನೆ ಇಷ್ಟೆಲ್ಲ ಯಾಕೆ ಅನಿಸಿದರೆ, ಸ್ಪ್ರಿಂಗ್ ಸಮೇತ ಜೋಡಿಸಿದ ಸ್ಟ್ರಟ್ಟೇ ತಗೊಳ್ಳಿ.