ವಿಂಡೊಲಾಂಡಾ ಹಲಗೆಗಳಲ್ಲಿ ಕರಿಮೆಣಸು ಹುಡುಕುವುದು
ವಿಂಡೊಲಾಂಡಾ ಅಂದರೆ ಉತ್ತರ ಬ್ರಿಟನ್ನಿನ ಒಂದು ರೋಮನ್ ಕೋಟೆ, ಅಲ್ಲಿ ಸಿಕ್ಕ ತೆಳು ಮರದ ಹಲಗೆಗಳ ಮೇಲೆ ಪತ್ರ, ಲೆಕ್ಕ ಎಲ್ಲ ಬರೆದಿದ್ದಾರೆ. ನಿಮ್ಮ ಪ್ರಬಂಧಕ್ಕೆ ಅಂತ ಆ ಹಲಗೆಗಳ ಪಠ್ಯದಲ್ಲಿ ‘ಪೆಪ್ಪರ್’ ಹುಡುಕಿದರೆ ಏನೂ ಸಿಗುತ್ತಿಲ್ಲ ಅಂದಿರಿ. ಬಹುಶಃ ಭಾಷೆಯದೇ ತೊಂದರೆ, ಹಲಗೆಗಳ ಮೂಲ ಬರಹ ಲ್ಯಾಟಿನ್. ಮೊದಲು ಮೆಣಸಿನ ಲ್ಯಾಟಿನ್ ಹೆಸರು ‘ಪಿಪರ್’ (piper) ಅಂತ ಹಾಕಿ ನೋಡಿ. ಆಗಲೂ ಬರದಿದ್ದರೆ ನೇರವಾಗಿ 184ನೇ ಹಲಗೆ ತೆರೆಯಿರಿ. ಅದು ಲೆಕ್ಕದ ಪಟ್ಟಿ. ಟಾಪ್ಪೊನ ಮಗ ಗಂಬಾಕ್ಸ್ ಹೆಸರಿನ ಜೊತೆ ‘ಮೆಣಸು, 2 ಡಿನೇರಿಯಸ್’ ಅಂತಿದೆ (ಡಿನೇರಿಯಸ್ ಅಂದರೆ ರೋಮನ್ ಬೆಳ್ಳಿ ನಾಣ್ಯ). ಮಲಬಾರ್ ಕಡೆಯ ಮೆಣಸು ಉತ್ತರ ಬ್ರಿಟನ್ನಿನ ಗಡಿ ಠಾಣೆವರೆಗೆ ಹೋಗಿದೆ, ಓದಿದಾಗ ಮೈ ಜುಮ್ಮೆನ್ನುತ್ತೆ ಅಲ್ವಾ!

ಎಷ್ಟು ಮೆಣಸು ಅಂತ ಅಲ್ಲಿ ಬರೆದಿಲ್ಲ. ರೋಮನ್ ಲೇಖಕ ಪ್ಲಿನಿ ಹೇಳುವ ಕರಿಮೆಣಸಿನ ದರ ಪೌಂಡಿಗೆ 4 ಡಿನೇರಿಯಸ್. ಆ ಲೆಕ್ಕಕ್ಕೆ ಅರ್ಧ ಪೌಂಡ್. ಆದರೆ ಗಡಿಯಲ್ಲಿ ಬೆಲೆ ಜಾಸ್ತಿ ಇದ್ದಿರಬಹುದು, ಹಾಗಾಗಿ ಪ್ರಬಂಧದಲ್ಲಿ ತೂಕವನ್ನು ಖಚಿತವಾಗಿ ಬರೆಯಬೇಡಿ.

ಆಮೇಲೆ, ಮೆಣಸಿನದಲ್ಲದಿದ್ದರೂ ತಿನಿಸಿನ ವಿಷಯವೇ ಇರುವ 299ನೇ ಹಲಗೆಯನ್ನೂ ನೋಡಿ. ಗೆಳೆಯನೊಬ್ಬ ಕಳಿಸಿದ 50 ಸಿಂಪಿಗಳ (ಆಯ್ಸ್ಟರ್) ಮಾತು ಅದರಲ್ಲಿದೆ.