ಮಾಜಿ ಪತಿಯ ಪಿಂಚಣಿ ನಿಂತರೆ ನನ್ನದೂ ನಿಲ್ಲುತ್ತದೆಯೇ?

ಪ್ರಶ್ನೆ: ನಾನು ಅಮೆರಿಕದ ನ್ಯೂಜೆರ್ಸಿಯಲ್ಲಿ ನೆಲೆಸಿರುವ ಕನ್ನಡತಿ, ವಯಸ್ಸು 67. ಇಪ್ಪತ್ತೆರಡು ವರ್ಷಗಳ ದಾಂಪತ್ಯದ ನಂತರ 2008ರಲ್ಲಿ ವಿಚ್ಛೇದನವಾಯಿತು. ಮರುಮದುವೆಯಾಗಿಲ್ಲ. ನಾನು ನೌಕರಿ ಮಾಡಿದವಳಲ್ಲವಾದ್ದರಿಂದ, ಪೂರ್ಣ ನಿವೃತ್ತಿ ವಯಸ್ಸು ತುಂಬಿದ ಮೇಲೆ ಮಾಜಿ ಪತಿಯ ದುಡಿಮೆಯ ಆಧಾರದಲ್ಲಿ ಅರ್ಜಿ ಹಾಕಿದೆ. ಈಗ ಇಲ್ಲಿನ ಸರ್ಕಾರಿ ಪಿಂಚಣಿ ವ್ಯವಸ್ಥೆಯಾದ ಸೋಶಿಯಲ್ ಸೆಕ್ಯುರಿಟಿಯಿಂದ ಪ್ರತಿ ತಿಂಗಳ ಎರಡನೆಯ ಬುಧವಾರ 1,200 ಡಾಲರ್ ಬರುತ್ತಿದೆ. 68 ತುಂಬಿದ ಅವರು ತಮ್ಮ 2,400 ಡಾಲರ್ ಪಿಂಚಣಿಯನ್ನು 70ರವರೆಗೆ ತಡೆಹಿಡಿಸಲಿದ್ದಾರೆಂದು ಮಗ ಹೇಳಿದ. ಮನೆ ಬಾಡಿಗೆಗೆ ನನಗಿರುವುದು ಇದೊಂದೇ ಆಧಾರ. ನನ್ನದೂ ನಿಂತುಹೋಗುತ್ತದೆಯೇ?

ಉತ್ತರ: ನಿಲ್ಲುವುದಿಲ್ಲ. ಆದರೆ ನಿಮ್ಮ ಆತಂಕಕ್ಕೆ ಕಾರಣವಿಲ್ಲದಿಲ್ಲ. 2015ರ ಕಾಯ್ದೆಯೊಂದರ ಫಲವಾಗಿ, 2016ರ ಏಪ್ರಿಲ್ 30ರಂದು ಅಥವಾ ನಂತರ ಯಾರಾದರೂ ಪಿಂಚಣಿ ತಡೆಹಿಡಿಯುವಂತೆ ಕೋರಿದರೆ, ಅವರ ದುಡಿಮೆಯ ಆಧಾರದಲ್ಲಿ ಹೆಂಡತಿಗೋ ಮಕ್ಕಳಿಗೋ ಸಲ್ಲುತ್ತಿದ್ದ ಹಣವೂ ಅಷ್ಟು ಕಾಲ ನಿಲ್ಲುತ್ತದೆ. ಈ ನಿಯಮದಿಂದ ವಿಚ್ಛೇದಿತರನ್ನು ಮಾತ್ರ ಹೊರಗಿಡಲಾಗಿದೆ. ಹಾಗಾಗಿ ಅವರು ಮರುಮದುವೆಯಾಗಿದ್ದು, ಈಗಿನ ಹೆಂಡತಿಯೂ ಅವರ ಹೆಸರಿನಲ್ಲಿ ಹಣ ಪಡೆಯುತ್ತಿದ್ದರೆ, ಆಕೆಯದು ನಿಲ್ಲುತ್ತದೆ, ನಿಮ್ಮದು ಬರುತ್ತಲೇ ಇರುತ್ತದೆ. ವಿಚಿತ್ರವೆನಿಸಿದರೂ ನನಗೆ ಇದು ನ್ಯಾಯವಾಗಿಯೇ ಕಾಣುತ್ತದೆ: ಒಂದೇ ಸೂರಿನಡಿ ಇರುವವರು ಕೂತು ಲೆಕ್ಕ ಹಾಕಿ ತೀರ್ಮಾನಿಸಬಲ್ಲರು, ಬೇರೆಯಾದವರ ಅನ್ನ ಇನ್ನೊಬ್ಬರ ಮರ್ಜಿಗೆ ಸಿಲುಕಬಾರದು. ನಿಮ್ಮ ಹಕ್ಕಿಗೆ ಬೇಕಾದ ಹತ್ತು ವರ್ಷಗಳ ದಾಂಪತ್ಯವೂ ನಿಮ್ಮದಾಗಿದೆ. (ಆ ಎರಡನೆಯ ಬುಧವಾರ ಗೊತ್ತಾಗಿರುವುದು ಕೂಡ ನಿಮ್ಮ ಹುಟ್ಟಿದ ತಾರೀಕಿನಿಂದಲ್ಲ, ಅವರದರಿಂದ, ಕೋರ್ಟು ಬಿಡಿಸಿದ ನಂಟು ಬ್ಯಾಂಕಿನ ಪುಸ್ತಕದಲ್ಲಿ ಇಷ್ಟು ಉಳಿದುಕೊಂಡಿರುತ್ತದೆ.)

ಅವರಿಗೇನು ಲಾಭವೆಂದರೆ, ತಡೆಹಿಡಿದ ಪ್ರತಿ ವರ್ಷಕ್ಕೆ ಶೇ. 8ರಷ್ಟು ಹೆಚ್ಚಳ. ಎರಡು ವರ್ಷ ಕಾದರೆ, ಬೆಲೆಯೇರಿಕೆಯ ವಾರ್ಷಿಕ ಹೆಚ್ಚಳವನ್ನು ಬಿಟ್ಟು ಹೇಳುವುದಾದರೆ, 2,400 ಡಾಲರ್ 2,784 ಆಗುತ್ತದೆ. ಇದರಲ್ಲಿ ಅವರ ಜೀವಿತಕಾಲದಲ್ಲಿ ನಿಮಗೆ ಪಾಲಿಲ್ಲ, ಏಕೆಂದರೆ ನಿಮ್ಮ ಅರ್ಧವನ್ನು ಲೆಕ್ಕ ಹಾಕುವುದು ಅವರ ಮೂಲ ಮೊತ್ತದ ಮೇಲೆ. ಆದರೆ ಅವರು ನಿಮಗಿಂತ ಮೊದಲೇ ತೀರಿಕೊಂಡರೆ ಲೆಕ್ಕವೇ ಬದಲಾಗುತ್ತದೆ. ಬದುಕುಳಿದ ವಿಚ್ಛೇದಿತ ಪತ್ನಿಯಾಗಿ ನಿಮಗೆ ಸಲ್ಲುವುದು ಹೆಚ್ಚಳವೂ ಸೇರಿದ ಪೂರ್ಣ ಮೊತ್ತ. ಇಂಥ ಮಾತು ಬರೆಯಲು ಸಂಕೋಚವಾಗುತ್ತದೆ, ಆದರೂ ಅವರ ನಿರ್ಧಾರದಿಂದ ನಿಮಗೆ ಒದಗಬಹುದಾದ ಪ್ರಯೋಜನ ಇದೊಂದೇ. ನೀವು ಮರುಮದುವೆಯಾದರೆ ಈಗಿನ ಹಣ ಸಾಮಾನ್ಯವಾಗಿ ನಿಲ್ಲುತ್ತದೆ. 60 ದಾಟಿದ ಮೇಲಿನ ಮದುವೆಯಾದ್ದರಿಂದ ಅವರ ನಂತರ ಸಲ್ಲುವ ಆ ಪೂರ್ಣ ಮೊತ್ತದ ಹಕ್ಕು ಮಾತ್ರ ಹೋಗುವುದಿಲ್ಲ.

ನಿಮ್ಮ ಮೆಡಿಕೇರ್ (ಹಿರಿಯರ ಸರ್ಕಾರಿ ಆರೋಗ್ಯ ವಿಮೆ) ಕಂತು ನಿಮ್ಮ ಹಣದಿಂದಲೇ ಕಡಿತವಾಗುತ್ತಿದ್ದರೆ ಅದು ಹಾಗೆಯೇ ಮುಂದುವರಿಯುತ್ತದೆ. ಅವರು ಮಾತ್ರ ತಡೆಹಿಡಿದಿರುವಷ್ಟು ಕಾಲ ತಮ್ಮ ಕಂತನ್ನು ಕೈಯಿಂದ ಕಟ್ಟಬೇಕು. ಮಗನ ಮೂಲಕ ಈ ಮಾತು ತಲುಪಿಸಿದರೆ ಒಳ್ಳೆಯದು.

ನೀವು ಸದ್ಯಕ್ಕೆ ಯಾವ ಅರ್ಜಿಯನ್ನೂ ಹಾಕಬೇಕಾಗಿಲ್ಲ. ಅಕಸ್ಮಾತ್ ನಿಮ್ಮ ಹಣ ನಿಲ್ಲಿಸಿದ ಪತ್ರವೇನಾದರೂ ಬಂದರೆ, ವಿಚ್ಛೇದನದ ಡಿಕ್ರಿಯ ಪ್ರತಿಯೊಡನೆ 60 ದಿನಗಳೊಳಗೆ ಮರುಪರಿಶೀಲನೆಗೆ ಬರೆದುಕೊಡಿ.